ಗಾಂಧೀಜಿ ಎಸೆಯದೆ ಉಳಿಸಿದ್ದು

1947ರ ಜೂನ್ 2, ಸೋಮವಾರ. ದೆಹಲಿಯ ವೈಸ್‌ರಾಯ್ ಭವನದಲ್ಲಿ ಅಂದು ಬೆಳಿಗ್ಗೆ ಲಾರ್ಡ್ ಮೌಂಟ್‌ಬ್ಯಾಟನ್ ಅವರು ಕಾಂಗ್ರೆಸ್, ಮುಸ್ಲಿಂ ಲೀಗ್ ಹಾಗೂ ಸಿಖ್ ಮುಖಂಡರ ಮುಂದೆ ದೇಶ ವಿಭಜನೆಯ ಯೋಜನೆಯನ್ನು ಇರಿಸಿದ್ದರು. ಮುಖಂಡರು ಹೊರಟುಹೋದ ಬಳಿಕ ಮಹಾತ್ಮ ಗಾಂಧಿ ಅವರು ವೈಸ್‌ರಾಯ್ ಅವರನ್ನು ಕಾಣಲು ಬಂದರು. ವಿಭಜನೆಯನ್ನು ಅವರು ಕಟುವಾಗಿ ವಿರೋಧಿಸುತ್ತ ಬಂದವರು. ಏನು ಹೇಳುತ್ತಾರೋ ಎಂಬ ಆತಂಕ ಮೌಂಟ್‌ಬ್ಯಾಟನ್ ಅವರಿಗಿತ್ತು. ಆದರೆ ಅಂದು ಗಾಂಧೀಜಿಯ ವಾರದ ಮೌನದ ದಿನ. ಅವರು ಬಾಯಿ ತೆರೆಯಲಿಲ್ಲ. ಹಳೆಯ ಲಕೋಟೆಗಳನ್ನು ತೆಗೆದು, ಅವುಗಳ ಹಿಂಬದಿಯ ಖಾಲಿ ಜಾಗದಲ್ಲಿ ತಮ್ಮ ಉತ್ತರವನ್ನು ಬರೆದುಕೊಟ್ಟರು. ಮಾತನಾಡಲಾಗದುದಕ್ಕೆ ವಿಷಾದ, ಹೇಳಬೇಕಾದ ಒಂದೆರಡು ಸಂಗತಿಗಳಿವೆ, ಅವನ್ನು ಮತ್ತೊಂದು ದಿನ ಮಾತನಾಡೋಣ ಎಂಬುದು ಅದರ ಸಾರ. ಒಟ್ಟು ಐದು ಚೀಟಿಗಳು.

ಕೋಟ್ಯಂತರ ಜನರ ಹಣೆಬರಹ ನಿರ್ಧಾರವಾಗುತ್ತಿದ್ದ ದಿನದಂದು, ಸಾಮ್ರಾಜ್ಯದ ಪ್ರತಿನಿಧಿಯ ಮುಂದೆ, ಯಾರೋ ಕಳುಹಿಸಿದ್ದ ಹಳೆಯ ಲಕೋಟೆ! ಇದು ನಾಟಕೀಯ ಪ್ರದರ್ಶನವೆಂದು ಭಾವಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಗಾಂಧೀಜಿಯ ಬದುಕನ್ನು ಮೊದಲಿನಿಂದ ನೋಡುತ್ತ ಬಂದರೆ, ಆ ದಿನ ಅವರು ಹೊಸ ಕಾಗದ ತೆಗೆದಿದ್ದರೇ ಅದು ವಿಶೇಷ ಸುದ್ದಿಯಾಗುತ್ತಿತ್ತು.

ನಮ್ಮ ಮನೆಗಳಲ್ಲಿಯೂ ಉಳಿಸುವವರಿಗೆ ಕೊರತೆಯಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ತೊಗರಿಬೇಳೆ, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ, ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದ ಒಂದು ಚೀಲ, ಅದರೊಳಗೆ ನೂರು ಚೀಲ. ಹೂವು ಕಟ್ಟಿ ಬಂದ ಬಾಳೆನಾರು, ಸಿಹಿತಿಂಡಿ ಪೊಟ್ಟಣದ ದಾರ, ಮದುವೆಯ ಕರೆಯೋಲೆಯ ದಪ್ಪ ಹಾಳೆ, ಎಲ್ಲವೂ ಮುಂದೆಂದಾದರೂ ಬೇಕಾದೀತು ಎಂಬ ನಂಬಿಕೆಯಲ್ಲಿ ಉಳಿದುಕೊಂಡಿರುತ್ತವೆ. ಪತ್ರಿಕಾ ಕಚೇರಿಗಳೂ ಇದಕ್ಕೆ ಹೊರತಾಗಿರಲಿಲ್ಲ. ಟೆಲಿಪ್ರಿಂಟರ್ ಸುರುಳಿಯ ಹಿಂಬದಿಯಲ್ಲಿ ವರದಿ ಬರೆದ ತಲೆಮಾರೊಂದು ನಮಗಿಂತ ಮುಂಚೆ ಇತ್ತು. ಹೀಗಾಗಿ ಗಾಂಧೀಜಿಯ ಈ ಅಭ್ಯಾಸ ಕನ್ನಡದ ಓದುಗರಿಗೆ ಅಪರಿಚಿತವೇನಲ್ಲ. ಆದರೆ ಅವರ ಉಳಿಕೆಗೂ ನಮ್ಮ ಉಳಿಕೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅದನ್ನು ತಿಳಿಯಲು ಅವರ ಯೌವನಕ್ಕೆ ಹೋಗಬೇಕು.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸ ಕರಮಚಂದ ಗಾಂಧಿ ಬಡವರ ಮನೆಯ ಮಗನಲ್ಲ. ತಂದೆ ಸಂಸ್ಥಾನದ ದಿವಾನರು. 1888ರಲ್ಲಿ ಬ್ಯಾರಿಸ್ಟರ್ ಪದವಿಗಾಗಿ ಲಂಡನ್ನಿಗೆ ಹೋದ ಯುವಕ ಆರಂಭದಲ್ಲಿ ಉಳಿತಾಯದ ಗೊಡವೆಗೂ ಹೋಗಲಿಲ್ಲ. ಒಳ್ಳೆಯ ಸೂಟು, ರೇಷ್ಮೆಯ ಟೋಪಿ, ನೃತ್ಯದ ತರಗತಿ, ಪಿಟೀಲಿನ ಪಾಠ, ಎಲ್ಲಕ್ಕೂ ಅಣ್ಣ ಕಳುಹಿಸಿದ ಹಣ ಕರಗಿತು. ಆ ಅಮಲು ಇಳಿದ ಮೇಲೂ ಉಳಿದುಕೊಂಡ ಅಭ್ಯಾಸವೊಂದಿತ್ತು. ಬಸ್ಸಿನ ದರ, ಅಂಚೆಚೀಟಿ, ವೃತ್ತಪತ್ರಿಕೆಗೆ ಕೊಟ್ಟ ಒಂದೆರಡು ಕಾಸು, ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದು, ಮಲಗುವ ಮುನ್ನ ಜಮಾಖರ್ಚು ಸರಿತೂಗಿಸುವುದು. ಆ ಪುಸ್ತಕವೇ ಅವರನ್ನು ದಾರಿಗೆ ತಂದಿತು. ಎರಡು ಕೋಣೆಯ ಮನೆ ಬಿಟ್ಟು ಒಂದೇ ಕೋಣೆಗೆ ಬಂದರು. ಬೆಳಗಿನ ಗಂಜಿಯನ್ನು ತಾವೇ ಒಲೆಯ ಮೇಲೆ ಬೇಯಿಸಿಕೊಂಡರು. ದಿನದ ಊಟದ ಖರ್ಚು ಒಂದು ಷಿಲಿಂಗ್ ಮೂರು ಪೆನ್ಸ್‌ಗೆ ಇಳಿಯಿತು. ಮುಂದೆ ಲಕ್ಷಾಂತರ ರೂಪಾಯಿಗಳ ಸಾರ್ವಜನಿಕ ನಿಧಿಗಳನ್ನು ನಿಭಾಯಿಸಿದಾಗ ಎಂದೂ ಸಾಲ ಉಳಿಯದಿದ್ದುದಕ್ಕೆ ಈ ಅಭ್ಯಾಸವೇ ಕಾರಣವೆಂದು ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ.

1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಮೇಲೆ ಈ ಲೆಕ್ಕಾಚಾರ ಕೈಕೆಲಸವಾಗಿ ಬೆಳೆಯಿತು. ಅಗಸನ ಬಿಲ್ಲು ಹೆಚ್ಚಾಯಿತೆಂದು ಬಟ್ಟೆ ಒಗೆಯುವ ವಿದ್ಯೆಯ ಪುಸ್ತಕ ಕೊಂಡು ಓದಿದರು. ಮೊದಲ ದಿನ ತಾವೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರ್ ಧರಿಸಿ ನ್ಯಾಯಾಲಯಕ್ಕೆ ಹೋದಾಗ, ಹೆಚ್ಚಾದ ಗಂಜಿ ಅದರಿಂದ ಉದುರುತ್ತಿತ್ತು. ಸಹ ವಕೀಲರು ನಕ್ಕರು. ಬಿಳಿಯ ಕ್ಷೌರಿಕನೊಬ್ಬ ಕೂದಲು ಕತ್ತರಿಸಲು ನಿರಾಕರಿಸಿದಾಗ ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಹಿಂಬದಿ ಕೆಟ್ಟುಹೋಯಿತು. ಮತ್ತೊಮ್ಮೆ ನ್ಯಾಯಾಲಯ ನಕ್ಕಿತು.

1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವಾಗ, ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ ಅವರು 'ಹಿಂದ್ ಸ್ವರಾಜ್' ಬರೆದರು. ಹಡಗಿನವರು ಪ್ರಯಾಣಿಕರ ಬಳಕೆಗೆ ಇಟ್ಟಿದ್ದ ಕಾಗದವೇ ಅದರ ಹಸ್ತಪ್ರತಿಯಾಯಿತು. ಬಲಗೈ ದಣಿದಾಗ ಎಡಗೈಯಿಂದ ಬರೆದರು. ಸುಮಾರು 10 ದಿನಗಳಲ್ಲಿ ಪುಸ್ತಕ ಮುಗಿಯಿತು. ಮರುವರ್ಷ, 1910ರಲ್ಲಿ, ಗೆಳೆಯ ಹರ್ಮನ್ ಕಾಲೆನ್‌ಬಾಕ್ ಕೊಟ್ಟ ಸುಮಾರು 1,100 ಎಕರೆ ಜಮೀನಿನಲ್ಲಿ ಟಾಲ್‌ಸ್ಟಾಯ್ ಫಾರಂ ಆರಂಭವಾಯಿತು. ಸತ್ಯಾಗ್ರಹಿಗಳ ಕುಟುಂಬಗಳು ಅಲ್ಲಿ ಒಟ್ಟಾಗಿ ಬಾಳಿದವು. ಬಳಸಿದ ನೀರು ಬಕೆಟ್ಟುಗಳಲ್ಲಿ ಸಂಗ್ರಹವಾಗಿ ಮರಗಳ ಬುಡಕ್ಕೆ ಹೋಗುತ್ತಿತ್ತು. ಊಟದ ಉಳಿಕೆ, ತರಕಾರಿಯ ಸಿಪ್ಪೆ ಗೊಬ್ಬರವಾಗುತ್ತಿತ್ತು. ಕಸ ಗುಂಡಿಗೆ ಸೇರುತ್ತಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳು ಹಸಿಕಸ, ಒಣಕಸ ಎಂದು ಬೇರ್ಪಡಿಸಲು ಕಲಿಯುವುದಕ್ಕೆ ಶತಮಾನದಷ್ಟು ಮುಂಚಿನ ಮಾತಿದು.

1915ರಲ್ಲಿ ಭಾರತಕ್ಕೆ ಬಂದ ವರ್ಷವೇ ಪೆನ್ಸಿಲಿನ ಪ್ರಸಂಗ ನಡೆಯಿತು. ಗಾಂಧೀಜಿಯ ಮಿತವ್ಯಯದ ಬಗೆಗೆ ನಮ್ಮ ಶಾಲಾ ಪಾಠಗಳಲ್ಲಿ ಗುಂಡುಸೂಜಿಯ ಕಥೆ ಮುಂತಾಗಿ ಹಲವು ಕಥೆಗಳಿವೆ. ಹೇಳುವವರ ಬಾಯಿಯಲ್ಲಿ ಒಂದೊಂದು ರೂಪ ತಾಳುವ ಅವುಗಳಿಗಿಂತ, ಜೊತೆಯಲ್ಲಿದ್ದು ಕಣ್ಣಾರೆ ಕಂಡವರು ಬರೆದಿಟ್ಟ ಸಂಗತಿಗಳು ಹೆಚ್ಚು ನೆಚ್ಚತಕ್ಕವು. ಪೆನ್ಸಿಲಿನ ಸಂಗತಿ ಹೇಳಿದವರು ಕಾಕಾ ಕಾಲೇಲ್ಕರ್. ಕೆಲಕಾಲ ಬೆಳಗಾವಿಯಲ್ಲಿ ಶಿಕ್ಷಕರಾಗಿದ್ದ ಇವರು ಗಾಂಧೀಜಿಯ ನಿಕಟವರ್ತಿಗಳಾದವರು. ಮುಂಬಯಿಯ ಕಾಂಗ್ರೆಸ್ ಅಧಿವೇಶನದ ಗಡಿಬಿಡಿಯ ನಡುವೆ ಗಾಂಧೀಜಿ ಮೇಜಿನ ಅಕ್ಕಪಕ್ಕ ಏನನ್ನೋ ಹುಡುಕುತ್ತಿದ್ದರು. ಒಂದು ಪುಟ್ಟ ಪೆನ್ಸಿಲು ಕಳೆದುಹೋಗಿತ್ತು. ಕಾಲೇಲ್ಕರ್ ತಮ್ಮದನ್ನು ಕೊಡಲು ಮುಂದಾದರೂ ಗಾಂಧೀಜಿ ಒಪ್ಪಲಿಲ್ಲ. ಅದು ಮದರಾಸಿನಲ್ಲಿ ಪ್ರಕಾಶಕ ನಟೇಶನ್ ಅವರ ಪುಟ್ಟ ಮಗ ಪ್ರೀತಿಯಿಂದ ಕೊಟ್ಟದ್ದು, ಕಳೆದುಕೊಳ್ಳುವ ಹಾಗಿಲ್ಲ ಎಂದರು. ಇಬ್ಬರೂ ಹುಡುಕಿದರು. ಸಿಕ್ಕಿದ ಪೆನ್ಸಿಲು ಎರಡು ಅಂಗುಲವೂ ಇರಲಿಲ್ಲ.

ಸಾಬರಮತಿ ಆಶ್ರಮಕ್ಕೆ ದಿನವೂ ಅಂಚೆಯ ರಾಶಿ ಬರುತ್ತಿತ್ತು. ಬಂದ ಲಕೋಟೆಗಳನ್ನು ಬಿಡಿಸಿ, ಒಳಮಗ್ಗುಲನ್ನು ಹೊರಕ್ಕೆ ಮಾಡಿ ಅಂಟಿಸಿ ಮತ್ತೆ ಬಳಸುವುದು, ಪತ್ರದ ಖಾಲಿ ಭಾಗವನ್ನು ಹರಿದಿಡುವುದು, ತಂತಿ ಸಂದೇಶಗಳ ಬೆನ್ನಿನ ಮೇಲೆ ಕರಡು ಬರೆಯುವುದು ನಿತ್ಯದ ಕ್ರಮವಾಯಿತು. 1932ರಲ್ಲಿ ಪುಣೆಯ ಯರವಡಾ ಜೈಲಿನಲ್ಲಿ ಗಾಂಧೀಜಿಯ ಜೊತೆಗಿದ್ದ ಸರ್ದಾರ್ ವಲ್ಲಭಭಾಯಿ ಪಟೇಲರು ರದ್ದಿ ಕಾಗದದಿಂದ ಲಕೋಟೆ ಮಾಡುವ ಕೆಲಸವನ್ನು ವಹಿಸಿಕೊಂಡರು. ಮಹಾದೇವ ದೇಸಾಯಿ ಅವರ ದಿನಚರಿಯಲ್ಲಿ ಈ ಲಕೋಟೆಗಳ ಪ್ರಸ್ತಾಪ ಬರುತ್ತದೆ. ಮುಂದೆ ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಭಾರತದ ಒಕ್ಕೂಟಕ್ಕೆ ಸೇರಿಸಿದ ಕೈಗಳು ಜೈಲಿನ ಮೂಲೆಯಲ್ಲಿ ಕುಳಿತು ಕಾಗದ ಮಡಿಚಿ ಅಂಟಿಸುತ್ತಿದ್ದವು.

ಅದಕ್ಕೂ ಎರಡು ವರ್ಷ ಮುಂಚೆ, 1930ರಲ್ಲಿ, ಅದೇ ಜೈಲಿನಲ್ಲಿ ಕಾಲೇಲ್ಕರ್ ಅವರಿಗೆ ಇನ್ನೊಂದು ಪಾಠವಾಗಿತ್ತು. ಆವರಣದಲ್ಲಿ ಬೇವಿನ ಮರಗಳಿಗೆ ಬರವಿರಲಿಲ್ಲ. ಹಲ್ಲುಜ್ಜಲು ದಿನಕ್ಕೊಂದು ಹೊಸ ಕಡ್ಡಿ ತಂದು, ತುದಿ ಜಜ್ಜಿ ಕುಂಚ ಮಾಡಿಕೊಡಲು ಅವರು ಸಿದ್ಧರಿದ್ದರು. ಗಾಂಧೀಜಿ ಬಿಡಲಿಲ್ಲ. ಬಳಸಿದ ತುದಿಯನ್ನಷ್ಟೇ ಕತ್ತರಿಸಿ, ಅದೇ ಕಡ್ಡಿಯ ಉಳಿದ ಭಾಗವನ್ನು ಮರುದಿನಕ್ಕೆ ಇಡಬೇಕು. ಕಡ್ಡಿ ಒಣಗಿಯೋ ಮೋಟಾಗಿಯೋ ನಿಜವಾಗಿ ಕೆಲಸಕ್ಕೆ ಬಾರದಾಗುವ ತನಕ ಅದನ್ನು ಎಸೆಯುವ ಹಕ್ಕು ತಮಗಿಲ್ಲವೆಂಬುದು ಅವರ ನಿಲುವು. ಮರ ತುಂಬ ಕಡ್ಡಿಗಳಿದ್ದುವೆಂಬುದು ಅವರಿಗೆ ಉತ್ತರವೇ ಆಗಲಿಲ್ಲ.

ಅದೇ ವರ್ಷ ಅದೇ ಜೈಲಿನಿಂದ ಅವರು ಆಶ್ರಮವಾಸಿಗಳಿಗೆ ವಾರಕ್ಕೊಂದರಂತೆ ಪತ್ರ ಬರೆದು ವ್ರತಗಳನ್ನು ವಿವರಿಸಿದರು. ಅಸ್ತೇಯ ಮತ್ತು ಅಪರಿಗ್ರಹಗಳ ಕುರಿತ ಪತ್ರಗಳನ್ನು ಓದಿದವರಿಗೆ ಒಂದು ತೊಡಕು ಎದುರಾಗುತ್ತದೆ. ಇಂದು ಬೇಡದ್ದನ್ನು ನಾಳೆಗಾಗಿ ಕೂಡಿಡುವುದು ದೇವರಲ್ಲಿ ಅಪನಂಬಿಕೆ, ತನಗೆ ಬೇಡದ ವಸ್ತುವನ್ನು ಇಟ್ಟುಕೊಳ್ಳುವುದೂ ಕಳವು ಎಂಬುದು ಅಲ್ಲಿನ ವಾದ. ಹಾಗಾದರೆ ಮೋಟು ಪೆನ್ಸಿಲು, ಹಳೆಯ ಲಕೋಟೆ, ಬೇವಿನ ಕಡ್ಡಿಗಳನ್ನು ಉಳಿಸಿದ್ದು ಏನು?

ಅವರು ಕೂಡಿಡಲಿಲ್ಲ, ಬಳಸಿ ಮುಗಿಸಿದರು. ನಮ್ಮ ಬಾಗಿಲ ಹಿಂದಿನ ಚೀಲದಲ್ಲಿ ನೂರು ಚೀಲಗಳು ವರ್ಷಗಟ್ಟಲೆ ಸರದಿಯಿಲ್ಲದೆ ಕೊಳೆಯುತ್ತವೆ. ಆಶ್ರಮಕ್ಕೆ ಇಂದು ಬಂದ ಲಕೋಟೆ ನಾಳೆಯ ಅಂಚೆಗೆ ಹೊರಡುತ್ತಿತ್ತು. ಇಲ್ಲಿ ನಮ್ಮನ್ನು ಆಳುವುದು ಮುಂದೊಂದು ದಿನ ಬೇಕಾದೀತೆಂಬ ಭಯ. ಅವರಿಗಿದ್ದುದು ವಸ್ತುವಿನಲ್ಲಿ ಇನ್ನೂ ಉಳಿದಿರುವ ಉಪಯೋಗವನ್ನು ಹಾಳುಮಾಡಬಾರದೆಂಬ ಲೆಕ್ಕ. ಆ ಲೆಕ್ಕದ ಹಿಂದೆ ಅವರು ಕಂಡ ಬಡತನವಿತ್ತು. 1917ರಲ್ಲಿ ಚಂಪಾರಣ್ಯದ ಹಳ್ಳಿಯೊಂದರಲ್ಲಿ, ಮೈಮೇಲಿನ ಸೀರೆಯ ಹೊರತು ಬೇರೆ ಬಟ್ಟೆಯಿಲ್ಲದ್ದರಿಂದ ಅದನ್ನು ಒಗೆಯಲೂ ಆಗದ ಹೆಣ್ಣುಮಗಳೊಬ್ಬಳು ತನ್ನ ಬರಿದಾದ ಗುಡಿಸಲನ್ನು ಕಸ್ತೂರಬಾ ಅವರಿಗೆ ತೋರಿಸಿದ್ದಳು. ಗಾಂಧೀಜಿ ಅದನ್ನು ಕೊನೆಯವರೆಗೂ ಮರೆಯಲಿಲ್ಲ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅಂಗಿ ಟೋಪಿಗಳನ್ನು ತೊರೆದು ತುಂಡುಪಂಚೆಗೆ ಇಳಿದರು.

ಆದರೆ ಈ ಲೆಕ್ಕ ಎಲ್ಲರ ಮೇಲೂ ಒಂದೇ ಹಗುರವಾಗಿ ಬೀಳಲಿಲ್ಲ. ಹೆಚ್ಚು ಭಾರ ಹೊತ್ತವರು ಕಸ್ತೂರಬಾ.

1901ರಲ್ಲಿ ದಕ್ಷಿಣ ಆಫ್ರಿಕದಿಂದ ಹೊರಟಾಗ ಅಲ್ಲಿನ ಭಾರತೀಯರು ಕೊಟ್ಟ ಉಡುಗೊರೆಗಳಲ್ಲಿ ಕಸ್ತೂರಬಾ ಅವರಿಗಾಗಿಯೇ ಕೊಟ್ಟ 50 ಗಿನಿ ಬೆಲೆಯ ಚಿನ್ನದ ಹಾರವಿತ್ತು. ಎಲ್ಲವನ್ನೂ ಸಾರ್ವಜನಿಕ ದತ್ತಿಗೆ ಒಪ್ಪಿಸಲು ಗಾಂಧೀಜಿ ನಿರ್ಧರಿಸಿದರು. ನಾಳೆ ಸೊಸೆಯಂದಿರು ಬರುತ್ತಾರೆ, ಅವರಿಗಾದರೂ ಬೇಡವೇ ಎಂದು ಆಕೆ ಅತ್ತು ವಾದಿಸಿದರು. ವಾದ ನಿಲ್ಲಲಿಲ್ಲ, ಹಾರ ಬ್ಯಾಂಕು ಸೇರಿತು. ಅದಾದ 28 ವರ್ಷಗಳ ಬಳಿಕ, 1929ರ ಏಪ್ರಿಲಿನಲ್ಲಿ, ಗಾಂಧೀಜಿ ತಮ್ಮ 'ನವಜೀವನ' ಪತ್ರಿಕೆಯಲ್ಲಿ ಹೆಂಡತಿಯ ತಪ್ಪನ್ನು ಲೋಕಕ್ಕೆ ಸಾರಿದರು. ಹಿಂದೊಮ್ಮೆ, ಬೇರೆಬೇರೆ ಸಂದರ್ಭಗಳಲ್ಲಿ ಜನ ಕೊಟ್ಟಿದ್ದ ನೂರಿನ್ನೂರು ರೂಪಾಯಿಗಳನ್ನು ಆಕೆ ಕಚೇರಿಗೆ ಒಪ್ಪಿಸದೆ ಇಟ್ಟುಕೊಂಡಿದ್ದುದು, ಕೋಣೆಗೆ ಕಳ್ಳರು ನುಗ್ಗಿದಾಗ ಬಯಲಾಗಿತ್ತು. ಈಗ ಮತ್ತೆ, ಯಾರೋ ಅಪರಿಚಿತರು ಕಾಣಿಕೆಯಾಗಿ ಕೊಟ್ಟ ನಾಲ್ಕು ರೂಪಾಯಿಗಳನ್ನು ತಮ್ಮ ಬಳಿಯೇ ಇರಿಸಿಕೊಂಡಿದ್ದರು. ಆಶ್ರಮದ ನಿಯಮದ ಪ್ರಕಾರ ಅದು ಕಳವು. ಕಸ್ತೂರಬಾ ಹಣ ಹಿಂದಿರುಗಿಸಿ, ಇನ್ನೊಮ್ಮೆ ಹೀಗಾದರೆ ಆಶ್ರಮ ಬಿಡುವುದಾಗಿ ಮಾತು ಕೊಟ್ಟರು.

ನಾಲ್ಕು ರೂಪಾಯಿ! ನಮ್ಮ ಅಜ್ಜಿಯರ ಸಾಸಿವೆ ಡಬ್ಬಿಯಲ್ಲಿ ಅದಕ್ಕಿಂತ ಹೆಚ್ಚು ಹಣ ಇರುತ್ತಿತ್ತು. ಮಗಳು ಬಂದಾಗ ಕುಪ್ಪಸದ ಬಟ್ಟೆಗೆ, ಮೊಮ್ಮಗನ ಕೈಗೆ ಇಡಲು, ಕಾಯಿಲೆಗೆ, ಹೇಳಲಾಗದ ಕಷ್ಟಕ್ಕೆ. ಹೆಂಗಸರಿಗೆ ಆ ಡಬ್ಬಿಯ ಹೊರತು ತಮ್ಮದೆಂಬ ಹಣವೇ ಇರದ ಕಾಲವದು. ಸಾರ್ವಜನಿಕ ಹಣದ ವಿಷಯದಲ್ಲಿ ಗಾಂಧೀಜಿಯ ಕಟ್ಟುನಿಟ್ಟನ್ನು ಮೆಚ್ಚುವವರೂ, ಆಕೆಯ ಹೆಸರನ್ನು ಪತ್ರಿಕೆಯಲ್ಲಿ ಅಚ್ಚುಹಾಕಿಸಿದ ಬಗೆಯನ್ನು ಒಪ್ಪುವುದು ಕಷ್ಟ. ಅವರ ಲೇಖನದಲ್ಲಿ ಪತ್ನಿಯ ಗುಣಗಳ ಪ್ರಶಂಸೆಯೂ ಇದೆಯೆಂಬುದು ನಿಜ. ಆದರೆ ಓದಿದವರ ನೆನಪಿನಲ್ಲಿ ಉಳಿಯುವುದು ಆ ನಾಲ್ಕು ರೂಪಾಯಿ.

ಮುಂದಕ್ಕೆಂದು ಕಸ್ತೂರಬಾ ತೆಗೆದಿರಿಸಿದ ವಸ್ತು ಇನ್ನೊಂದಿತ್ತು. ಗಾಂಧೀಜಿಯೇ ತೆಗೆದ ನೂಲಿನಿಂದ ನೇಯ್ದ ಸೀರೆ. ತನ್ನ ಕೊನೆಯ ದಿನಕ್ಕೆ ಅದನ್ನೇ ಉಡಿಸಬೇಕೆಂದು ಜೋಪಾನ ಮಾಡಿದ್ದರು. 1944ರ ಫೆಬ್ರುವರಿ 22ರಂದು ಪುಣೆಯ ಆಗಾಖಾನ್ ಅರಮನೆಯಲ್ಲಿ, ಬಂಧನದಲ್ಲಿದ್ದಾಗಲೇ, ಪತಿಯ ತೊಡೆಯ ಮೇಲೆ ಆಕೆ ಕೊನೆಯುಸಿರೆಳೆದರು. ಆ ಸೀರೆಯನ್ನೇ ಉಡಿಸಿ ಮರುದಿನ ದಹನ ಮಾಡಲಾಯಿತು. ಚಿತೆ ಆರಿದ ಮೇಲೆ ಬೂದಿಯಲ್ಲಿ ಆಕೆಯ ಗಾಜಿನ ಬಳೆಗಳು ಒಡೆಯದೆ ಸಿಕ್ಕಿದವು.

ಮೂರು ವರ್ಷಗಳ ಬಳಿಕ ಅದೇ ಕಟ್ಟುನಿಟ್ಟು ಮತ್ತೊಬ್ಬರ ಮೇಲೆ ಬಿತ್ತು. 1946ರ ಅಕ್ಟೋಬರಿನ ಕೋಮುಗಲಭೆಯಿಂದ ನಲುಗಿದ್ದ ಬಂಗಾಳದ ನೌಖಾಲಿಯಲ್ಲಿ ಗಾಂಧೀಜಿ 1947ರ ಜನವರಿಯಿಂದ ಹಳ್ಳಿಯಿಂದ ಹಳ್ಳಿಗೆ ಬರಿಗಾಲಲ್ಲಿ ನಡೆದರು. ಜೊತೆಗಿದ್ದ ಮೊಮ್ಮಗಳ ವರಸೆಯ ಮನು ಗಾಂಧಿ ಇನ್ನೂ ಹದಿಹರೆಯದವಳು. ಒಂದು ದಿನ ನಾರಾಯಣಪುರವೆಂಬ ಹಳ್ಳಿ ತಲುಪಿದಾಗ, ಕಾಲು ತಿಕ್ಕುವ ಕಲ್ಲು ಹಿಂದಿನ ಹಳ್ಳಿಯಲ್ಲೇ ಉಳಿದಿರುವುದು ಗೊತ್ತಾಯಿತು. ಮೀರಾಬೆನ್ ಎಷ್ಟೋ ವರ್ಷಗಳ ಹಿಂದೆ ಕೊಟ್ಟ ಒರಟು ಕಲ್ಲದು. ಅದನ್ನು ಮನುವೇ ಹೋಗಿ ತರಬೇಕೆಂದು, ಜೊತೆಗೆ ಯಾರನ್ನೂ ಕರೆದೊಯ್ಯದೆ ಒಬ್ಬಳೇ ಹೋಗಬೇಕೆಂದು ಗಾಂಧೀಜಿ ಹೇಳಿದರು. ತೆಂಗು, ಅಡಿಕೆ ತೋಟಗಳ ದಟ್ಟ ನೆರಳಿನಲ್ಲಿ, ದಾರಿ ತಪ್ಪಿಸುವ ಕಾಲುಹಾದಿಯಲ್ಲಿ, ದೇವರ ಹೆಸರು ಹೇಳುತ್ತ ಹೆದರಿ ಹೋದ ಹುಡುಗಿಗೆ, ಮನೆಯಲ್ಲಿದ್ದ ಮುದುಕಿ ಆ ಕಲ್ಲನ್ನು ಹೊರಗೆಸೆದಿದ್ದಳೆಂದು ತಿಳಿಯಿತು. ಹುಡುಕಿ ತಂದಳು. ತಾತ ನಕ್ಕರು, ಹುಡುಗಿ ಅತ್ತಳು. ಪರೀಕ್ಷೆಯಲ್ಲಿ ಗೆದ್ದೆ ಎಂಬ ಹೆಮ್ಮೆ ಆಮೇಲೆ ಮನು ಅವರ ಬರಹದಲ್ಲಿದೆ. ಇಂದಿನ ಓದುಗರಿಗೆ ಮಾತ್ರ ಒಂದು ಕಲ್ಲಿಗಾಗಿ ಅಷ್ಟು ಅಪಾಯ ಬೇಕಿತ್ತೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಬಹುಶಃ ಕಲ್ಲು ನೆಪ, ಹುಡುಗಿಯ ಭಯ ಬಿಡಿಸುವುದೇ ಉದ್ದೇಶವಾಗಿತ್ತು. ಹಾಗಿದ್ದರೂ ನೆಪಕ್ಕೆ ಸಿಕ್ಕಿದ್ದು ಕಲ್ಲೇ ಎಂಬುದು ಗಮನಾರ್ಹ.

ಗಾಂಧೀಜಿಯನ್ನು ಬಡತನದಲ್ಲಿ ಇರಿಸಲು ಬಹಳ ಹಣ ಖರ್ಚಾಗುತ್ತದೆ ಎಂಬ ಚಟಾಕಿ ಸರೋಜಿನಿ ನಾಯ್ಡು ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಸುತ್ತಲಿನ ಕಾರ್ಯಕರ್ತರು, ಪ್ರಯಾಣದ ಏರ್ಪಾಡು, ಕಾವಲು, ಇವೆಲ್ಲದರ ಖರ್ಚಿನ ಮುಂದೆ ಲಕೋಟೆಯಲ್ಲಿ ಉಳಿದ ಕಾಸು ಯಾವ ಮೂಲೆಗೆ? ಲೆಕ್ಕದ ಪುಸ್ತಕ ಬಲ್ಲ ಗಾಂಧೀಜಿಗೆ ಇದು ತಿಳಿಯದ್ದೇನಲ್ಲ. ಆದರೆ ಅವರು ತಮ್ಮೊಬ್ಬರ ಅಭ್ಯಾಸಕ್ಕೆ ಮಾತ್ರ ನಿಲ್ಲಲಿಲ್ಲ. 1934ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಆರಂಭಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘಕ್ಕೆ ಜೆ.ಸಿ. ಕುಮಾರಪ್ಪ ಕಾರ್ಯದರ್ಶಿಗಳಾದರು. ಎಣ್ಣೆಗಾಣ, ಜೇನು, ಬೆಲ್ಲಗಳ ಜೊತೆಗೆ ಕೈಕಾಗದದ ತಯಾರಿಕೆಯನ್ನೂ ಸಂಘ ಕೈಗೆತ್ತಿಕೊಂಡಿತು. ಹಳೆಯ ಕಾಗದ, ಚಿಂದಿಗಳಿಂದ ಹೊಸ ಹಾಳೆ. ಹಳ್ಳಿಯ ಕಸ, ಸಗಣಿ, ಮಲಮೂತ್ರ ಗೊಬ್ಬರವಾಗಬೇಕೆಂದು 'ಹರಿಜನ' ಪತ್ರಿಕೆಯಲ್ಲಿ ಅವರು ಮತ್ತೆ ಮತ್ತೆ ಬರೆದರು.

ಹೀಗೆ ಬರೆದುದೆಲ್ಲ ಸೇರಿ ಅವರ ಸಮಗ್ರ ಬರಹಗಳ ಇಂಗ್ಲಿಷ್ ಆವೃತ್ತಿ 100 ಸಂಪುಟಗಳಾಗಿವೆ. ಕೇಂದ್ರ ಸರ್ಕಾರ ಅವನ್ನು ಪ್ರಕಟಿಸಲು 1958ರಿಂದ 1994ರವರೆಗೆ ಸಮಯ ಹಿಡಿಯಿತು. ಕಾಗದದ ವಿಷಯದಲ್ಲಿ ಅಷ್ಟು ಜಿಪುಣನಾಗಿದ್ದ ಮನುಷ್ಯನ ಬರಹಕ್ಕೆ ಇಷ್ಟು ಕಾಗದ ಬೇಕಾಯಿತು.

1947ರ ಆ ಸೋಮವಾರದ ಐದು ಚೀಟಿಗಳನ್ನು ಗಾಂಧೀಜಿ ಅಲ್ಲೇ ಬಿಟ್ಟು ಹೊರಟರು. ಅವರ ಮಟ್ಟಿಗೆ ಆ ಲಕೋಟೆಗಳ ಕೆಲಸ ಮುಗಿದಿತ್ತು. ಮುಂದಕ್ಕೆ ಬೇಕಾದೀತೆಂದು ಅವನ್ನು ಆಯ್ದು ಜೋಪಾನ ಮಾಡಿದವರು ಮೌಂಟ್‌ಬ್ಯಾಟನ್. ಎರಡೂವರೆ ತಿಂಗಳಲ್ಲಿ ದೇಶ ಒಡೆಯಿತು. 1948ರ ಜನವರಿ 30ರ ಸಂಜೆ ಗಾಂಧೀಜಿ ಗುಂಡಿಗೆ ಬಲಿಯಾದಾಗ ಅವರದೆಂದು ಉಳಿದದ್ದು ಕನ್ನಡಕ, ಗಡಿಯಾರ, ಪಾದರಕ್ಷೆ, ಬಟ್ಟಲುಗಳಂಥ ಕೈಬೆರಳಲ್ಲಿ ಎಣಿಸುವಷ್ಟು ವಸ್ತುಗಳು.

ಅಂಥವೇ ಕೆಲವು, ಅಂದರೆ ಒಂದು ಜೊತೆ ಚಪ್ಪಲಿ, ಕಿಸೆ ಗಡಿಯಾರ, ಕನ್ನಡಕ, ತಟ್ಟೆ ಮತ್ತು ಬಟ್ಟಲು, 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದವು. ಭಾರತದಲ್ಲಿ ಪ್ರತಿಭಟನೆಯ ಕೂಗೆದ್ದಿತು. 18 ಲಕ್ಷ ಡಾಲರಿಗೆ ಅವನ್ನು ಕೂಗಿಕೊಂಡವರು ಬೆಂಗಳೂರಿನ ಮದ್ಯದ ಉದ್ಯಮಿ ವಿಜಯ್ ಮಲ್ಯ. ಮದ್ಯಪಾನದ ಕಡುವಿರೋಧಿಯ ತಟ್ಟೆ ಬಟ್ಟಲುಗಳು ಮದ್ಯದ ಹಣಕ್ಕೆ ಹೋದುವೆಂದು ಆಗ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಯಿತು. ಇನ್ನೊಂದು ಕನ್ನಡಕ 2020ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2,60,000 ಪೌಂಡುಗಳಿಗೆ ಮಾರಾಟವಾಯಿತು. ಕೊಟ್ಟವರ ಕುಟುಂಬದಲ್ಲಿ ಅದು ತಲೆಮಾರುಗಳಿಂದ ಡ್ರಾಯರಿನಲ್ಲಿ ಬಿದ್ದಿತ್ತು. ಹರಾಜು ಸಂಸ್ಥೆಯವರು ಅದನ್ನು ಮೊದಲು ಕಂಡದ್ದು ತಮ್ಮ ಅಂಚೆಪೆಟ್ಟಿಗೆಯಲ್ಲಿ, ಅರ್ಧ ಹೊರಕ್ಕೆ ಇಣುಕುತ್ತಿದ್ದ ಒಂದು ಸಾದಾ ಬಿಳಿಯ ಲಕೋಟೆಯೊಳಗೆ.